ಮೂರನೇ ದಿನದ ಮುಂಜಾನೆ ನೋಡಿ, ಆಮೇಲೆ ಹೂಂ ಅನ್ನಿ

ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರು ಗಂಜ್‌ನ ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ನಾನು 19 ವರ್ಷ ಲೆಕ್ಕ ಬರೆದೆ. ಶುರುವಿನಲ್ಲಿ ಗಾದಿ ಮೇಲೆ ಕೂತು ವಹಿ ಬರೆಯುತ್ತಿದ್ದೆ. ಆಮೇಲೆ ಕುರ್ಚಿ ಬಂತು, ಕೊನೆಗೆ ಕಂಪ್ಯೂಟರ್. ತೊಗರಿ ಆವಕ ಜೋರಿರುವ ತಿಂಗಳುಗಳಲ್ಲಿ ರಾತ್ರಿ ಒಂಬತ್ತಾದರೂ ಪಟ್ಟಿ ಮುಗಿಯುತ್ತಿರಲಿಲ್ಲ. ಆದರೂ ಅದು ಕೂತು ಮಾಡುವ ಕೆಲಸ. ನನಗೆ 46 ತುಂಬಿದ ವರ್ಷ, ದಸರೆಗೆ ಮುಂಚೆ ಮಾಲೀಕರು ಕರೆದು ಹೇಳಿದರು: ಮಕ್ಕಳು ಈ ಧಂದೆಗೆ ಬರೋದಿಲ್ಲ ಅಂತಾರೆ, ಯುಗಾದಿಗೆ ದುಕಾನ್ ಮುಚ್ಚುತ್ತೀನಿ. ಆರು ತಿಂಗಳ ಟೈಮ್ ಇತ್ತು.

ಬೇರೆ ಅಂಗಡಿಗಳಲ್ಲಿ ಕೇಳಿದೆ. ಎಲ್ಲ ಕಡೆ ಚಿಕ್ಕ ಹುಡುಗರೇ ಬೇಕು, ಇಲ್ಲಾಂದ್ರೆ ನಾಲ್ಕು ಸಾವಿರ ಕಡಿಮೆಗೆ ಬರ್ತೀರಾ ಅನ್ನುತ್ತಿದ್ದರು. ಕೊನೆಗೆ ಕೈಗೆ ಸಿಕ್ಕಿದ್ದು ಎರಡು ಕೆಲಸ. ಎರಡೂ ಮೈ ದಣಿಯುವವು. ಒಂದು, ಗೋದಾಮಿನಲ್ಲಿ ಚೀಲ ಇಳಿಸಿ ಏರಿಸುವ ಹಮಾಲಿ ಟೋಳಿ (ಗುಂಪು). ಇನ್ನೊಂದು, ಕಪನೂರ ಕಡೆಯ ಒಂದು ದಾಲ್ ಮಿಲ್‌ನಲ್ಲಿ ಮಷಿನ್ ಕೆಲಸ. ಮೊದಲನೆಯದನ್ನು ಬಿಟ್ಟೆ, ಎರಡನೆಯದಕ್ಕೆ ಸೇರಿದೆ. ಈಗ ಎರಡು ವರ್ಷ ದಾಟಿದೆ. ಹೇಗೆ ತೀರ್ಮಾನ ಮಾಡಿದೆ ಅನ್ನೋದನ್ನು ಬರೆಯುತ್ತಿದ್ದೇನೆ. ನನ್ನ ವಯಸ್ಸಿನ ಎಷ್ಟೋ ಜನ ನಮ್ಮ ಕಡೆ ಇದೇ ಯೋಚನೆಯಲ್ಲಿದ್ದಾರೆ ಅಂತ ಗೊತ್ತು. ನನಗೆ ಆಗ ದಾರಿ ಹೇಳಿದವರು ಒಬ್ಬರೇ.

ಅವರು ಗಂಜ್‌ನಲ್ಲಿ ಮೂವತ್ತು ವರ್ಷ ಚೀಲ ಹೊತ್ತವರು. ಎಲ್ಲರೂ ಕಾಕಾ ಅಂತಲೇ ಕರೆಯುತ್ತೇವೆ. ನಾನು ಅಂಗಡಿ ಮುಂದೆ ಒಂದು ಚೀಲ ಬೆನ್ನಿಗೆ ಹಾಕಿಸಿಕೊಂಡು ಹತ್ತು ಹೆಜ್ಜೆ ನಡೆದು, 'ಆಗ್ತದ ಕಾಕಾ' ಅಂದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು ಹೇಳಿದರು: 'ಮುನೀಮ್ರೇ, ಒಂದ್ ಚೀಲ ಯಾರ್ ಬೇಕಾದ್ರೂ ಎತ್ತತಾರ. ಮೂರ್ ದಿನ ಸಾಲಾಗಿ ಬರ್ರಿ. ಮೂರನೇ ದಿನ ಮುಂಜಾನಿ ಮೈ ಏನ್ ಅಂತದ ಕೇಳ್ರಿ. ಆಮ್ಯಾಲ ಮಾತಾಡಮು.'

ಈ ಮಾತು ಬರೀ ಅನುಭವದ್ದಲ್ಲ. ನನ್ನ ಮಗಳು ನರ್ಸಿಂಗ್ ಓದುತ್ತಾಳೆ. ಅವಳು ಹೇಳಿದಳು, ರೂಢಿ ಇಲ್ಲದ ಕೆಲಸ ಮಾಡಿದಾಗ ಮೈನೋವು ಅವತ್ತೇ ಪೂರ್ತಿ ಗೊತ್ತಾಗೋದಿಲ್ಲ, 24 ರಿಂದ 72 ತಾಸಿನ ಒಳಗೆ ಜಾಸ್ತಿ ಆಗುತ್ತದೆ ಅಂತ. ಅಂದರೆ ಒಂದು ದಿನ ಹೋಗಿ ಬಂದು 'ಏನೂ ಆಗಲಿಲ್ಲ' ಅಂದರೆ ಅದಕ್ಕೆ ಬೆಲೆ ಇಲ್ಲ. ಹಾಗಾಗಿ ಹೊಸ ಕೆಲಸ ಯಾವುದೇ ಇರಲಿ, ಹೂಂ ಅನ್ನುವ ಮೊದಲು ದಿನಗೂಲಿಗೆ ಮೂರು ನಾಲ್ಕು ದಿನ ಸಾಲಾಗಿ ಮಾಡಿ ನೋಡಿ. ನಡುವೆ ಒಂದು ದಿನ ಬಿಡಬೇಡಿ. ಈಗಿನ ಕೆಲಸದಲ್ಲಿ ಸೂಟಿ ಹಾಕಿಯೇ ಹೋಗಿ. ಮೂರು ದಿನದ ಪಗಾರ ಹೋದರೆ ಹೋಗಲಿ.

ನನ್ನ ಮೊದಲ ಪರೀಕ್ಷೆ ಸೀಗಿ ಹುಣ್ಣಿಮೆ ಆದ ವಾರ. ಸೋಯಾಬೀನ್ ಆವಕ ಇತ್ತು. ಟೋಳಿಯ ಮುಖ್ಯಸ್ಥ ಮುಕಾದಮ ಒಪ್ಪಿಕೊಂಡರು. ಮೊದಲ ದಿನ ಒಂದು ಲಾರಿ, 200 ಚೀಲ, ಒಂದೊಂದು 50 ಕಿಲೋ. ನಾವು ನಾಲ್ಕು ಜನ. ಅಂದರೆ ಒಬ್ಬೊಬ್ಬರ ಪಾಲಿಗೆ 50 ಚೀಲ, ಎರಡೂವರೆ ಟನ್. ವಹಿಯಲ್ಲಿ ಇಂಥ ಲೆಕ್ಕ ಸಾವಿರ ಸಲ ಬರೆದಿದ್ದೆ. ಬೆನ್ನ ಮೇಲೆ ಅವತ್ತೇ ಮೊದಲು ಬಂದಿದ್ದು.

ಆ ಕೆಲಸ ಹತ್ತಿರದಿಂದ ನೋಡಿದರೆ ಹೇಗಿರುತ್ತದೆ ಹೇಳುತ್ತೇನೆ. ಇಬ್ಬರು ಕೊಕ್ಕೆ ಹಾಕಿ ಚೀಲ ಎತ್ತುತ್ತಾರೆ. ನೀವು ತಲೆ ಮೇಲಿಂದ ಬೆನ್ನಿಗೆ ಇಳಿಬಿಟ್ಟ ಗೋಣಿತಟ್ಟಿನ ಮೇಲೆ ಅದು ಬಂದು ಕೂರುತ್ತದೆ. ಭಾರ ಕುತ್ತಿಗೆ ಬುಡದಲ್ಲಿ ಕೂತರೆ ಸರಿ. ಸ್ವಲ್ಪ ಕೆಳಗೆ ಜಾರಿದರೆ ಇಡೀ ಚೀಲ ಸೊಂಟದ ಮೇಲೆ. ಆಮೇಲೆ ಹಲಗೆ ಮೇಲೆ ಇಳಿಯಬೇಕು, ಹಲಗೆ ಪ್ರತಿ ಹೆಜ್ಜೆಗೂ ಕುಣಿಯುತ್ತದೆ. ಕೊನೆಗೆ ಥಪ್ಪಿಗೆ (ಜೋಡಿಸಿಟ್ಟ ಚೀಲಗಳ ರಾಶಿಗೆ) ಚೀಲ ಒಗೆಯುವಾಗ ಮೈ ತಿರುಗಿಸಬಾರದು, ಪಾದ ತಿರುಗಿಸಬೇಕು. ನಾನು ಇಪ್ಪತ್ತನೇ ಚೀಲದ ಹೊತ್ತಿಗೆ ದಣಿದು ಮೈ ತಿರುಗಿಸಲು ಶುರು ಮಾಡಿದ್ದೆ. ಕಾಕಾ ಎರಡು ಸಲ ಕೂಗಿ ಹೇಳಿದರು. ತಿಳಿಯುತ್ತಿತ್ತು, ಮೈ ಕೇಳುತ್ತಿರಲಿಲ್ಲ.

ಮೂರನೇ ದಿನ ಮುಂಜಾನೆ ಏಳುವಾಗ ಎರಡೂ ತೊಡೆ ಬಿಗಿದಿದ್ದವು. ಅದು ಹೆದರುವ ಮಾತಲ್ಲ. ಆದರೆ ಎಡಗಡೆ ಪಿರ್ರೆಯಿಂದ ಹಿಮ್ಮಡಿ ತನಕ ಒಂದು ಗೆರೆ ಎಳೆದಂತೆ ನೋವು, ಕೆಮ್ಮಿದರೆ ಕರೆಂಟ್ ಹೊಡೆದಂಗೆ. ಚಪ್ಪಲಿ ಹಾಕಲು ಬಗ್ಗಲು ಆಗಲಿಲ್ಲ. ಅವತ್ತು ಗಂಜ್‌ಗೆ ಹೋಗಲಿಲ್ಲ, ದವಾಖಾನೆಗೆ ಹೋದೆ. ಬೆನ್ನಿನ ನರ ಒತ್ತಿದೆ, ಈ ಭಾರ ನಿಮಗೆ ಬೇಡ ಅಂದರು. ಮೂರು ವಾರ ಹಿಡಿಯಿತು ಸರಿಯಾಗಲು.

ಎರಡನೇ ಪರೀಕ್ಷೆ ದೀಪಾವಳಿ ಆದ ಮೇಲೆ, ಸೊಂಟ ಪೂರ್ತಿ ಸರಿಯಾಗಿ, ಡಾಕ್ಟರನ್ನು ಕೇಳಿಕೊಂಡು. ದಾಲ್ ಮಿಲ್‌ನಲ್ಲಿ ನಾಲ್ಕು ದಿನ. ತೊಗರಿ ಜರಡಿ ಹಾಕೋದು, ರೋಲರ್‌ನಲ್ಲಿ ಸಿಪ್ಪೆ ಕೆರೆಯೋದು, ಎಣ್ಣೆ ಸವರಿ ಒಣಗಿಸೋದು, ಮತ್ತೆ ಸಿಪ್ಪೆ ಬಿಡಿಸಿ ಬೇಳೆ ಒಡೆಯೋದು. ಇಷ್ಟೂ ಮೆಷಿನ್ನೇ ಮಾಡುತ್ತದೆ. ನನ್ನ ಕೆಲಸ ಎಲಿವೇಟರ್ ನೋಡಿಕೊಳ್ಳೋದು, ಜಾಳಿ ಬದಲಿಸೋದು, ಹೊಟ್ಟು, ಚುನಿ (ಬೇಳೆ ನುಚ್ಚು) ತುಂಬಿದ ಚೀಲ ಸರಿಸೋದು. ದೊಡ್ಡ ಚೀಲಕ್ಕೆ ಇಬ್ಬರು ಇರುತ್ತಾರೆ. ಎಂಟು ತಾಸು ನಿಂತೇ ಇರಬೇಕು. ಕಬ್ಬಿಣದ ಮೆಟ್ಟಿಲು ದಿನಕ್ಕೆ ಇಪ್ಪತ್ತು ಸಲ. ಮೂರನೇ ದಿನ ಮುಂಜಾನೆ ಎರಡೂ ಮೀನಖಂಡ ಕಲ್ಲಾಗಿದ್ದವು, ಪಾದ ಊದಿತ್ತು. ಹಾಲು ತರಲು ಹೋಗಿ ಬರುವಷ್ಟರಲ್ಲಿ ಸಡಿಲ ಆಯಿತು. ನಾಲ್ಕನೇ ದಿನ ಮೂರನೇ ದಿನಕ್ಕಿಂತ ಹಗುರ ಇತ್ತು.

ಈ ಎರಡು ಮುಂಜಾನೆಗಳ ನಡುವಿನ ವ್ಯತ್ಯಾಸ ತಿಳಿದುಕೊಂಡರೆ ಅರ್ಧ ತೀರ್ಮಾನ ಆದಂತೆ. ನೋವು ಎರಡೂ ಕಡೆ ಒಂದೇ ಥರ ಇದ್ದು, ಮಂದವಾಗಿದ್ದು, ಹತ್ತು ನಿಮಿಷ ಓಡಾಡಿದರೆ ಸಡಿಲ ಆದರೆ ಅದು ದಣಿವು. ಮೈ ಕಲಿಯುತ್ತಿದೆ. ನೋವು ಒಂದೇ ಕಡೆ ಇದ್ದು, ಚೂಪಾಗಿದ್ದು, ಕಾಲಿಗೋ ಕೈಗೋ ಇಳಿದರೆ, ಜೋಮು ಹಿಡಿದರೆ, ಹಿಡಿತ ಸಡಿಲ ಆದರೆ ಅದು ಪೆಟ್ಟು. ಅದರ ಮೇಲೆ ಕೆಲಸ ಮಾಡಬೇಡಿ. ಬೆನ್ನುನೋವಿನ ಜೊತೆ ಮೂತ್ರಕ್ಕೆ ತೊಂದರೆ ಆದರೆ ಅವತ್ತೇ ದವಾಖಾನೆ. ಕೊಬ್ಬರಿ ಎಣ್ಣೆ ಹಚ್ಚಿ ನೋಡೋಣ ಅಂತ ಕಾಯಬಾರದು.

ಭಾರದ ಬಗ್ಗೆ ಇನ್ನೊಂದು ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಒಬ್ಬ ಗಂಡಸಿಗೆ 55 ಕಿಲೋ ದಾಟಬಾರದು ಅಂತ ಹೇಳಿದೆ. ಕೆಲಸಗಾರರ ಆರೋಗ್ಯದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯಾಶ್ ಸಂಸ್ಥೆಯ ಲೆಕ್ಕ ಇನ್ನೂ ಕಡಿಮೆ. ಎಲ್ಲ ಅನುಕೂಲ ಇದ್ದಾಗಲೂ 23 ಕಿಲೋ ಅನ್ನುತ್ತದೆ. ನಮ್ಮ ಗಂಜ್‌ನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಗೊತ್ತು. ಆದರೆ ಇಪ್ಪತ್ತನೇ ವಯಸ್ಸಿಗೆ ಶುರು ಮಾಡಿದವರ ಬೆನ್ನು ಬೇರೆ, 46ಕ್ಕೆ ಶುರು ಮಾಡುವವರ ಬೆನ್ನು ಬೇರೆ. ಹಮಾಲಿ ಅಣ್ಣಂದಿರು ಮಾಡುತ್ತಾರೆ ಅಂದಮಾತ್ರಕ್ಕೆ ನಮಗೂ ಆಗುತ್ತದೆ ಅಂತಲ್ಲ. ಅದು ಅವರು ವರ್ಷಗಟ್ಟಲೆ ಕಲಿತ ವಿದ್ಯೆ. ಅದಕ್ಕೆ ನನಗೆ ಬಹಳ ಗೌರವ ಇದೆ.

ದಿನಗೂಲಿಗೆ ಹೋಗಿ ನೋಡಲು ಸಾಧ್ಯವೇ ಇಲ್ಲ ಅಂದರೆ ಮನೆಯಲ್ಲೇ ಒಂದು ಭಾನುವಾರ ಪರೀಕ್ಷೆ ಮಾಡಿ. ಮುಂಜಾನೆ ಒಂಬತ್ತರಿಂದ ಸಂಜೆ ಆರರ ತನಕ ಕೂರಬೇಡಿ. ಊಟಕ್ಕೆ ಅರ್ಧ ತಾಸು, ಚಹಾಕ್ಕೆ ಎರಡು ಸಲ ಹತ್ತು ನಿಮಿಷ ಅಷ್ಟೇ. ಟಿವಿ ನೋಡಿದರೂ ನಿಂತೇ. ಬಹಳ ಜನಕ್ಕೆ ಭಾರಕ್ಕಿಂತ ನಿಲ್ಲೋದೇ ಕಷ್ಟ ಅಂತ ಅವತ್ತೇ ಗೊತ್ತಾಗುತ್ತದೆ.

ಕೆಲಸದ ಜಾಗಕ್ಕೆ ಹೋದಾಗ ಒಂದು ವಿಷಯ ಮರೆಯದೆ ನೋಡಿ. ಅಲ್ಲಿ ಐವತ್ತು ದಾಟಿದವರು ಎಷ್ಟು ಜನ ಇದ್ದಾರೆ? ಹತ್ತು ಜನರಲ್ಲಿ ಮೂವರಾದರೂ ಇದ್ದರೆ ಆ ಕೆಲಸದಲ್ಲಿ ವಯಸ್ಸಾಗಬಹುದು ಅಂತ ಅರ್ಥ. ಒಬ್ಬರೂ ಇಲ್ಲದಿದ್ದರೆ, ಇದ್ದವರು ಎಲ್ಲಿ ಹೋದರು ಅಂತ ಕೇಳಿ. ಮಾಲೀಕರನ್ನಲ್ಲ, ಗೇಟಿನ ಹೊರಗಿನ ಚಹಾ ಅಂಗಡಿಯವರನ್ನು. ನಾನು ಸೇರಿದ ಮಿಲ್‌ನಲ್ಲಿ 57 ವಯಸ್ಸಿನವರು ಇದ್ದರು. ಅವರ ಪಕ್ಕ ಕೂತು ಒಂದು ದಿನ ಬುತ್ತಿ ಬಿಚ್ಚಿದೆ. ಮೊಣಕಾಲು ಹೇಗಿದೆ, ರಾತ್ರಿ ನಿದ್ದೆ ಬರ್ತದಾ, ಬೇಸಿಗೆಯಲ್ಲಿ ಹೇಗೆ, ಹುಷಾರಿಲ್ಲದಾಗ ಪಗಾರ ಕಡಿತಾರಾ ಅಂತ ಕೇಳಿದೆ. ಅವರು ಕೊಟ್ಟ ಉತ್ತರ ಯಾವ ಮ್ಯಾನೇಜರೂ ಕೊಡಲಾರರು.

ಬೇಸಿಗೆಯ ಪ್ರಶ್ನೆ ನಮ್ಮೂರಿನಲ್ಲಿ ಸಣ್ಣದಲ್ಲ. ಮೇ ತಿಂಗಳಲ್ಲಿ 42, 43 ಡಿಗ್ರಿ, ಮೇಲೆ ತಗಡಿನ ಶೆಡ್ಡು. ಅಕ್ಟೋಬರ್‌ನಲ್ಲಿ ಮಾಡಿದ ಪರೀಕ್ಷೆ ಮೇ ತಿಂಗಳ ಬಗ್ಗೆ ಏನೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಪಾಳಿ ಬದಲಾಗುತ್ತದಾ, ಮುಂಜಾನೆ ಆರಕ್ಕೆ ಶುರು ಮಾಡಿ ಮಧ್ಯಾಹ್ನ ಬಿಡುತ್ತಾರಾ, ಕುಡಿಯುವ ನೀರು ಎಲ್ಲಿದೆ, ಫ್ಯಾನ್ ಎಲ್ಲಿದೆ ಅಂತ ಕಣ್ಣಾರೆ ನೋಡಿ. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲಿ ಒಂದು ಪಾಲು ಸಾಕು, ದಿನಕ್ಕೆ ಒಂದೊಂದು ಪಾಲು ಏರಿಸಬೇಕು ಅನ್ನುವುದು ವೈದ್ಯರು ಒಪ್ಪಿದ ಕ್ರಮ. ನಿಮಗೆ ಆಯ್ಕೆ ಇದ್ದರೆ ಏಪ್ರಿಲ್, ಮೇನಲ್ಲಿ ಸೇರಬೇಡಿ. ಮಳೆಗಾಲದಲ್ಲೋ ಚಳಿಯಲ್ಲೋ ಸೇರಿ, ಬೇಸಿಗೆ ಬರುವಷ್ಟರಲ್ಲಿ ಮೈ ಪಳಗಿರುತ್ತದೆ.

ಸೇರುವ ಮೊದಲು ತಪಾಸಣೆ ಮಾಡಿಸಿ. ಬಿಪಿ, ಸಕ್ಕರೆ, ಇಸಿಜಿ. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತೆ ಆಗುತ್ತಿದ್ದರೆ ಇಸಿಜಿ ಒಂದೇ ಸಾಲದು, ಹೃದಯದ ಡಾಕ್ಟರಿಗೇ ತೋರಿಸಿ. ಕಲಬುರಗಿಯಲ್ಲೇ ಜಯದೇವ ಹೃದಯ ಆಸ್ಪತ್ರೆ ಇದೆ, ಬೆಂಗಳೂರಿಗೆ ಹೋಗಬೇಕಿಲ್ಲ. ಕೆಮ್ಮಿದಾಗ ತೊಡೆಸಂದಿಯಲ್ಲಿ ಗಂಟು ಕಾಣುತ್ತಾ ಅಂತಲೂ ನೋಡಿಸಿಕೊಳ್ಳಿ. ಹರ್ನಿಯಾ ಇದ್ದು ಭಾರ ಎತ್ತಿದರೆ ಅದು ಇನ್ನೂ ದೊಡ್ಡದಾಗುತ್ತದೆ. ಇದನ್ನು ಹೇಳಲು ಗಂಡಸರು ನಾಚಿಕೆ ಪಡುತ್ತಾರೆ, ಪಡಬಾರದು. ಸಕ್ಕರೆ ಕಾಯಿಲೆಗೆ ಗುಳಿಗೆ ತೊಗೊಳ್ಳುವವರು ಡಾಕ್ಟರಿಗೆ ಹೊಸ ಕೆಲಸದ ವಿಷಯ ಹೇಳಲೇಬೇಕು. ಮೈಮುರಿದು ದುಡಿದರೆ ಸಕ್ಕರೆ ಇಳಿಯುತ್ತದೆ, ಹಳೇ ಡೋಸ್ ಜಾಸ್ತಿ ಆಗಬಹುದು. ದಮ್ಮು ಇರುವವರಿಗೆ ದಾಲ್ ಮಿಲ್ ಬೇಡ. ಹೊಟ್ಟಿನ ಧೂಳು ಮಾಸ್ಕ್ ಹಾಕಿದರೂ ಪೂರ್ತಿ ತಪ್ಪುವುದಿಲ್ಲ.

ಇನ್ನು ದುಡ್ಡು. ಇಲ್ಲಿ ನಾನು ಲೆಕ್ಕದವನು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಡತ್ ಅಂಗಡಿಯಲ್ಲಿ ನನ್ನ ಪಗಾರ 16,500. ಸಂಜೆ ಸೂಪರ್ ಮಾರ್ಕೆಟ್ ಕಡೆ ಎರಡು ಅಂಗಡಿಗಳ ಲೆಕ್ಕ ಬರೆದು 4,000. ಒಟ್ಟು 20,500. ಹಮಾಲಿ ಟೋಳಿಯಲ್ಲಿ ತಿಂಗಳಿಗೆ 24,000 ಬೀಳುತ್ತದೆ ಅಂದರು. ಕೇಳಿದ ತಕ್ಷಣ ಮನಸ್ಸು ಆ ಕಡೆ ಹೋಗುತ್ತದೆ, ಅಲ್ವಾ? ಆದರೆ ಆ 24,000 ಸೀಜನ್‌ನ ಐದು ತಿಂಗಳು ಮಾತ್ರ. ಉಳಿದ ಏಳು ತಿಂಗಳು 14,000 ಸುಮಾರು. ವರ್ಷದ್ದು ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ 18,166. ಸಂಜೆ ಮೈ ಸೋತು ಬಂದವನು ಎರಡು ಅಂಗಡಿ ಲೆಕ್ಕ ಬರೆಯಲು ಆಗುತ್ತದಾ? ಆಗುವುದಿಲ್ಲ. ಆ 4,000 ಹೋಯಿತು. ಅಂದರೆ ಮೈಮುರಿದು ದುಡಿದು ತಿಂಗಳಿಗೆ ಎರಡು ಸಾವಿರದ ಮೇಲೆ ಕಳೆದುಕೊಳ್ಳುತ್ತಿದ್ದೆ. ಬಹಳ ಜನ ಈ ಬದಿಯ ಗಳಿಕೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊಲ ನೋಡಿಕೊಳ್ಳುವುದು, ಟ್ಯೂಷನ್ ಹೇಳುವುದು, ಎಮ್ಮೆ ಕಟ್ಟಿರುವುದು, ಏನೇ ಇರಲಿ, ದಣಿದ ಮೈಗೆ ಅದು ಮೊದಲು ಬಿಟ್ಟುಹೋಗುತ್ತದೆ.

ಮಿಲ್‌ನವರು 19,800 ಅಂದರು, ಅದರಲ್ಲಿ ಬೇಸಿಕ್ 15,000. ಪಿಎಫ್ ಬೇಸಿಕ್‌ನ 12 ಪರ್ಸೆಂಟ್, 1,800 ಕಡಿತ. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಒಟ್ಟು ಪಗಾರದ 0.75 ಪರ್ಸೆಂಟ್, 149. ಕೈಗೆ 17,851. ಒಂದು ಅಂಗಡಿಯ ಲೆಕ್ಕ ಮಾತ್ರ ಇಟ್ಟುಕೊಂಡು ಭಾನುವಾರ ಮುಂಜಾನೆ ಬರೆಯುತ್ತೇನೆ, 2,000. ಒಟ್ಟು ಕೈಗೆ ಬರುವುದು ಮೊದಲಿಗಿಂತ 649 ರೂಪಾಯಿ ಕಡಿಮೆಯೇ. ಆದರೂ ಇದನ್ನೇ ಆರಿಸಿದೆ, ಯಾಕೆಂದರೆ ಆ 1,800ಕ್ಕೆ ಅವರೂ ಅಷ್ಟೇ ಹಾಕುತ್ತಾರೆ. ಹಿಂದಿನ 19 ವರ್ಷದಲ್ಲಿ ನನಗೆ ಒಂದು ರೂಪಾಯಿ ಪಿಎಫ್ ಇರಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, 58ಕ್ಕೆ ಪಿಂಚಣಿ ಶುರು. ನನಗೆ 46, ಹನ್ನೆರಡು ವರ್ಷ ಸಿಗುತ್ತಿತ್ತು. ಹಿಂದೆ ಪಿಎಫ್ ಇಲ್ಲದೆ ಐವತ್ತಕ್ಕೆ ಸೇರುವವರಿಗೆ ಅಷ್ಟು ವರ್ಷ ಉಳಿದಿರುವುದಿಲ್ಲ. ಹಿಂದೆ ಎಲ್ಲಾದರೂ ಪಿಎಫ್ ಇದ್ದರೆ ಆ ಪಿಎಫ್ ಖಾತೆಯ ಯುಎಎನ್ ನಂಬರ್ ಹುಡುಕಿ ತೆಗೆಯಿರಿ, ಹಳೇ ಸೇವೆ ಇದಕ್ಕೆ ಕೂಡುತ್ತದೆ. ಸರ್ಕಾರದ ಪಿಂಚಣಿ ಯೋಜನೆಗಳಾದ ಅಟಲ್ ಪಿಂಚಣಿಗೂ, ಶ್ರಮಯೋಗಿ ಮಾನಧನಕ್ಕೂ 40 ದಾಟಿದ ಮೇಲೆ ಸೇರಲು ಬರುವುದಿಲ್ಲ. ನಮ್ಮ ವಯಸ್ಸಿಗೆ ಉಳಿದಿರುವ ದಾರಿಗಳು ಕಡಿಮೆ, ಅದಕ್ಕೇ ಪಿಎಫ್ ಇರುವ ಕೆಲಸಕ್ಕೆ ಸಾವಿರ ರೂಪಾಯಿ ಕಡಿಮೆ ಆದರೂ ಪರವಾಗಿಲ್ಲ ಅನ್ನುತ್ತೇನೆ.

ಇಎಸ್‌ಐ ಇನ್ನೂ ದೊಡ್ಡದು. ಪಗಾರ 21,000ದ ಒಳಗಿದ್ದರೆ ಸಿಗುತ್ತದೆ. ಮೈ ನಂಬಿದ ಕೆಲಸದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ನಾನು ಒಂದು ತಿಂಗಳು ಮಲಗಿದರೆ ಮನೆ ನಡೆಸುವವರು ಯಾರು? ಇಎಸ್‌ಐನಲ್ಲಿ ಕಂತು ಸರಿಯಾಗಿ ಕಟ್ಟಿದ್ದರೆ ಕಾಯಿಲೆಗೆ ವರ್ಷಕ್ಕೆ 91 ದಿನದ ತನಕ ಪಗಾರದ 70 ಪರ್ಸೆಂಟ್ ಬರುತ್ತದೆ. ಕೆಲಸದಲ್ಲಿ ಪೆಟ್ಟಾದರೆ 90 ಪರ್ಸೆಂಟ್, ಅದಕ್ಕೆ ಸೇರಿದ ಮೊದಲ ದಿನದಿಂದಲೇ ಹಕ್ಕು. ಸೇಡಂ ರೋಡಿನಲ್ಲಿ ಇಎಸ್‌ಐ ದವಾಖಾನೆ ಇದೆ. ಹಾಗಾಗಿ 'ಆಮೇಲೆ ಮಾಡಿಸ್ತೀವಿ' ಅಂದರೆ ಒಪ್ಪಬೇಡಿ. ಮೊದಲ ತಿಂಗಳಲ್ಲೇ ನಂಬರ್ ಕೇಳಿ. ವಾರಕ್ಕೆ 48 ತಾಸು, ಅದರ ಮೇಲೆ ದುಡಿದರೆ ದುಪ್ಪಟ್ಟು ದರ, ಇದನ್ನೂ ಸೇರುವ ದಿನವೇ ಮಾತಾಡಿಕೊಳ್ಳಿ. ಏನೂ ಸಿಗದ ಕೆಲಸಕ್ಕೇ ಹೋಗುವುದು ಅನಿವಾರ್ಯ ಆದರೆ, ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಆದರೂ ಮಾಡಿಸಿ. 70 ವಯಸ್ಸಿನ ತನಕ ಸಿಗುತ್ತದೆ, ಅಪಘಾತದಲ್ಲಿ ಜೀವ ಹೋದರೆ ಅಥವಾ ಪೂರ್ತಿ ಅಂಗವೈಕಲ್ಯ ಆದರೆ ಎರಡು ಲಕ್ಷ.

ಹೊಸ ಪಗಾರ ನಂಬಿ ಮೊದಲ ಆರು ತಿಂಗಳು ಯಾವ ಸಾಲವನ್ನೂ ಮಾಡಬೇಡಿ, ಗಾಡಿ ಕಂತು ಕೂಡ. ಕಂತಿದ್ದರೆ ನೋವಿದ್ದರೂ ಹೋಗಬೇಕಾಗುತ್ತದೆ, ಸಣ್ಣ ಪೆಟ್ಟು ದೊಡ್ಡದಾಗುವುದು ಹಾಗೆಯೇ. ಮೂರು ತಿಂಗಳ ಮನೆಖರ್ಚು ಕೈಯಲ್ಲಿ ಇಟ್ಟುಕೊಂಡು ಸೇರಿ.

ಮನೆಯವರ ಜೊತೆ ಕೂತು ಮಾತಾಡಿ. ನನ್ನ ಹೆಂಡತಿ ದುಡ್ಡಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. 'ಪಗಾರ ಎಷ್ಟರ ಬರ್ಲಿ, ನೀವ್ ಬಂದು ಮಕ್ಕೊಂಡ್ರ ನನ್ ಕೂಡ ಮಾತಾಡೋರು ಯಾರ್ರೀ?' ಅಂದಳು. ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆಮೇಲೆ ನಾವು ಒಂದು ವ್ಯವಸ್ಥೆ ಮಾಡಿಕೊಂಡೆವು. ಬಂದ ತಕ್ಷಣ ಸ್ನಾನ, ಅರ್ಧ ತಾಸು ಕಾಲು ಗೋಡೆಗೆ ಹಚ್ಚಿ ಮಲಗೋದು, ಆಮೇಲೆ ಇಬ್ಬರೂ ಅಪ್ಪನ ಕೆರೆ ದಂಡೆಗೆ ಒಂದು ಸುತ್ತು. ದಣಿದಿದ್ದರೂ ಹೋಗುತ್ತೇವೆ, ಮೀನಖಂಡಕ್ಕೂ ಅದು ಒಳ್ಳೆಯದು. ಅವಳು ಒಪ್ಪಿದ ಮೇಲೆಯೇ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮರುದಿನ, ಮಿಲ್‌ಗೆ ಹೂಂ ಅಂದೆ.

ಜನ ಏನಂತಾರೆ ಅನ್ನೋದು ಎಲ್ಲರಿಗೂ ಇರುವ ಸಂಕಟ. ಕುಂತು ಬರೆಯುತ್ತಿದ್ದವನು ಈಗ ಧೂಳಿನಲ್ಲಿ ನಿಂತಿದ್ದಾನೆ ಅಂದವರು ಇದ್ದರು. ಎರಡು ತಿಂಗಳು ಅಂದರು, ಆಮೇಲೆ ಬಿಟ್ಟರು. ಅದಕ್ಕೆ ಇಷ್ಟಕ್ಕಿಂತ ಜಾಸ್ತಿ ಜಾಗ ಕೊಡಬೇಕಿಲ್ಲ.

ಸೇರುವುದು ಅಂತ ಆದಮೇಲೆ ಮೊದಲ ಹದಿನೈದು ದಿನ ಹೀಗೆ ನೋಡಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ನಾನು ಮೊದಲು ಒಂದು ಪ್ಲೇಟ್ ಸುಸಲಾ ತಿಂದು ಹೋಗುತ್ತಿದ್ದೆ, ಹತ್ತು ಗಂಟೆಗೇ ಕೈ ನಡುಗುತ್ತಿತ್ತು. ಈಗ ಎರಡು ಜೋಳದ ರೊಟ್ಟಿ, ಬೇಳೆ ಹಾಕಿದ ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ. ಬುತ್ತಿಗೂ ರೊಟ್ಟಿಯೇ, ಜೊತೆಗೆ ಮಜ್ಜಿಗೆ. ಬೇಸಿಗೆಯಲ್ಲಿ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿದ ಬಾಟಲಿ ಒಂದು ಬೇರೆ ಇಟ್ಟುಕೊಳ್ಳುತ್ತೇನೆ. ಬಿಪಿ, ಸಕ್ಕರೆ ಇರುವವರು ಇದಕ್ಕೂ ಡಾಕ್ಟರನ್ನು ಕೇಳಿ. ಮೂತ್ರ ಕಡುಹಳದಿ ಆದರೆ ನೀರು ಸಾಲಲಿಲ್ಲ ಅಂತ. ಹುಡುಗರ ವೇಗಕ್ಕೆ ಪೈಪೋಟಿ ಬೇಡ. ನಮಗಿಂತ ಇಪ್ಪತ್ತು ವರ್ಷ ಚಿಕ್ಕವರು 'ಅಂಕಲ್ ಬಿಡ್ರಿ, ನಾ ಎತ್ತತೀನಿ' ಅಂದರೆ ಬಿಟ್ಟುಕೊಡಿ.

ಮತ್ತೆ ಬೂಟು. ಎಂಟು ತಾಸು ನಿಲ್ಲುವ ಕೆಲಸಕ್ಕೆ ಚಪ್ಪಲಿ ಸಾಲದು. ಬೂಟು ಕೊಳ್ಳಲು ಮುಂಜಾನೆ ಹೋಗಬೇಡಿ, ಸಂಜೆ ಹೋಗಿ, ಅಷ್ಟೊತ್ತಿಗೆ ಪಾದ ಊದಿರುತ್ತದೆ. ಕೆಲಸಕ್ಕೆ ಹಾಕುವ ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಬೆರಳ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಇರಲಿ. ಅಂಗಡಿಯೊಳಗೇ ಹತ್ತು ನಿಮಿಷ ನಿಂತು ನೋಡಿ, ಆಮೇಲೆ ದುಡ್ಡು ಕೊಡಿ.